ನಿಂಗಯ್ಯನ ರಕ್ತ ಸಾಲಾವಳಿ

ತಾನು ಮಾಡಿಸಿದ ಮದುವೆ ಒಂದೂ ಕೆಟ್ಟಿಲ್ಲವೆಂದು ತೆರಕಣಾಂಬಿಯ ನಿಂಗಯ್ಯ ಹೇಳುತ್ತಿದ್ದ. ಕೆಟ್ಟವುಗಳನ್ನು ಮಾಡಿಸಿದ್ದು ತಾನಲ್ಲವೆಂದೂ ಅವನೇ ಹೇಳುತ್ತಿದ್ದ. ಹೆಣ್ಣು-ಗಂಡು ಕೂಡಿಸುವ ಈ ಕಸುಬಿನಲ್ಲಿ ಅವನಿಗೊಂದು ಗುಟ್ಟಿನ ಉಪಾಯವಿತ್ತು. ಜಾತಕದ ಸಾಲಾವಳಿಯನ್ನು ಐನೋರು ನೋಡುತ್ತಾರೆ, ಗಂಡಿನ ರಕ್ತ ನೋಡುವವರು ಯಾರು? 'ಎಚ್‌ಐವಿ ಟೆಸ್ಟ್ ಮಾಡಿಸಿ' ಎಂದು ಗಂಡಿನ ಮನೆಯಲ್ಲಿ ಬಾಯಿ ಬಿಟ್ಟರೆ ಕುಡಿದ ಕಾಫಿ ಗಂಟಲಲ್ಲೇ ಇರುವಾಗ ಹೊರಗೆ ಬೀಳಬೇಕು. ಹಾಗಾಗಿ ಮಾತು ಮುಗಿಸುವ ಮುಂಚೆ ಗಂಡನ್ನು ರಕ್ತದಾನ ಶಿಬಿರಕ್ಕೆ ಎಳೆದೊಯ್ಯುತ್ತಿದ್ದ. ಕೊಟ್ಟ ರಕ್ತವನ್ನು ಅವರು ಎಚ್‌ಐವಿಗೂ ಕಾಮಾಲೆಯ ವೈರಸ್ಸಿಗೂ ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಕೆಡುಕಿದ್ದರೆ ಗಂಡಿಗೆ ಫೋನು ಬರುತ್ತದೆ, ಅವನ ಮುಖ ಬಾಡುತ್ತದೆ. ಬಾಡದಿದ್ದರೆ ನಿಂಗಯ್ಯ ಓಲಗದವರಿಗೆ ಫೋನು ಮಾಡುತ್ತಾನೆ. ಪುಣ್ಯವೂ ಆಯಿತು, ಜೊತೆಗೆ ಹೋದವನಿಗೆ ಬಿಸ್ಕತ್ತೂ ಸಿಕ್ಕಿತು.

ಆ ದಿನ ಗುಂಡ್ಲುಪೇಟೆಯ ಶಿಬಿರಕ್ಕೆ ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಹದೇವಪ್ರಸಾದನನ್ನು ಕರೆತಂದಿದ್ದ. ಗಂಡು ರಕ್ತ ಕೊಡುವ ಶೌರ್ಯವನ್ನು ನೋಡಲಿ ಎಂದು ಭೀಮನಬೀಡಿನಿಂದ ಹುಡುಗಿ ಸ್ಪಂದನಾಳನ್ನೂ ಅವಳ ತಾಯಿ ಪುಟ್ಟಸಿದ್ದಮ್ಮನನ್ನೂ ಕರೆಸಿ ಮುಂದಿನ ಕುರ್ಚಿಯಲ್ಲೇ ಕೂರಿಸಿದ್ದ. ಇಂಥ ಸಂಬಂಧ ಈ ವರ್ಷ ಇನ್ನೊಂದಿಲ್ಲವೆಂದು ಅವನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಪರದೆಯ ಹಿಂದೆ ಆಪ್ತಸಮಾಲೋಚಕಿ ತೇಜಸ್ವಿನಿ ಪ್ರತಿಯೊಬ್ಬರನ್ನೂ ಗುಟ್ಟಾಗಿ ವಿಚಾರಿಸುತ್ತಿದ್ದಳು. ಯಾಕೆ ಬಂದಿರಿ ಎಂದು ಕೇಳಿದ್ದೇ ತಡ, ದಾರಿಯಲ್ಲಿ ನಿಂಗಯ್ಯನ ಬಾಯಿಂದಲೇ ಗುಟ್ಟು ಜಾರಿದ್ದನ್ನು ಕೇಳಿಸಿಕೊಂಡಿದ್ದ ಮಹದೇವಪ್ರಸಾದ ಸತ್ಯಹರಿಶ್ಚಂದ್ರನಾಗಿಬಿಟ್ಟ: ಮದುವೆಗೆ ಮುಂಚೆ ಟೆಸ್ಟ್ ಆಗಲಿ ಅಂತ ನಿಂಗಣ್ಣ ಕರ್ಕೊಂಡು ಬಂದರು. ಅವಳು ಅವನ ರಕ್ತ ತೆಗೆಸಲಿಲ್ಲ. ನಿಂಗಯ್ಯನನ್ನೇ ಒಳಗೆ ಕರೆಸಿದಳು. ಸೋಂಕು ಹೊಸದಾಗಿದ್ದರೆ ಪರೀಕ್ಷೆಯಲ್ಲಿ ಕಾಣದೇ ಇರಬಹುದು, ಆ ರಕ್ತ ಯಾವುದೋ ರೋಗಿಯ ಮೈಗೆ ಹೋಗುತ್ತದೆ, ಟೆಸ್ಟ್ ಬೇಕಾದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬೇರೆಯೇ ಕೋಣೆ ಇದೆ, ಬಿಟ್ಟಿ ಎಂದು ತಿಳಿಹೇಳಿದಳು. ತಾನು ಇಷ್ಟು ವರ್ಷ ಮಾಡಿದ್ದು ಪುಣ್ಯವೋ ಇನ್ನೇನೋ ಎಂದು ನಿಂಗಯ್ಯ ಈವರೆಗೆ ತಿಂದ ಬಿಸ್ಕತ್ತನ್ನೆಲ್ಲ ಲೆಕ್ಕ ಹಾಕಿದ.

ಹೊರಗೆ ಬಂದ ಗಂಡಿನ ತೋಳಿನಲ್ಲಿ ಹತ್ತಿಯಿಲ್ಲ. ಪುಟ್ಟಸಿದ್ದಮ್ಮ ಎದ್ದು ನಿಂತಳು.

"ನಿಂಗಣ್ಣ, ಹುಡ್ಗುನ್ ರಕ್ತವ ಯಾಕ್ ಬ್ಯಾಡ ಅಂದ್ಬುಟ್ರು?"

ರಕ್ತ ಕಮ್ಮಿ ಅಂದರೆ ಗಂಡು ಬಡಕಲು ಅನ್ನಿಸಿಕೊಳ್ಳುತ್ತಾನೆ. ನಿಜ ಹೇಳಿದರೆ ಕಸುಬಿನ ಗುಟ್ಟೇ ಬೀದಿಗೆ. ಎರಡೂ ಕಡೆ ನೋಡಿದ ನಿಂಗಯ್ಯ ಕಡೆಗೆ ನಿಜವನ್ನೇ ಒದರಿದ. ಸಂಬಂಧ ಮುರಿಯಿತೆಂದು ಚಪ್ಪಲಿ ಹುಡುಕತೊಡಗಿದ.

"ಅವ್ರಿಗೊಬ್ರುಗೇ ಯಾಕ್ ಟೆಸ್ಟು?" ಎಂದಳು ಸ್ಪಂದನಾ. "ನಾನೂ ಬತ್ತೀನಿ. ಇಬ್ರೂ ಮಾಡಿಸ್ಕಳನ." ಮಹದೇವಪ್ರಸಾದನ ಮುಖ ಆಗಲೇ ಮದುವೆಯಾದವನಂತೆ ಅರಳಿತು. ಇಬ್ಬರೂ ಆಸ್ಪತ್ರೆಯ ಕಡೆ ಹೊರಟೇಬಿಟ್ಟರು.

ಪುಟ್ಟಸಿದ್ದಮ್ಮ ಮಾತ್ರ ಕದಲಲಿಲ್ಲ. "ಊರ್ ಗಂಡೈಕ್ಳುನೆಲ್ಲ ರಕ್ತ ಕೊಡಕ್ಕೆ ಮನುಗುಸ್ದಲ್ಲ, ನೀನ್ ಒಂದ್ ದಪನಾದ್ರೂ ಕೊಟ್ಟಿದ್ದಯ?"

ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ನಿಂಗಯ್ಯ ಮತ್ತೆ ಪರದೆಯ ಹಿಂದೆ ಹೋದ. ನೀವೂ ಟೆಸ್ಟಿಗಾ ಎಂದು ತೇಜಸ್ವಿನಿ ಕೇಳಿದಳು.

"ಇಲ್ಲ ಕಣವ್ವ, ಮಾನುಕ್ಕೆ."

ಕೊಟ್ಟ. ಬಿದ್ದೂ ಹೋಗಲಿಲ್ಲ. ತನ್ನದೇ ಬಿಸ್ಕತ್ತನ್ನು ಜಂಬದಿಂದ ತಿಂದು ಬಸ್ ಸ್ಟ್ಯಾಂಡಿಗೆ ಬಂದಾಗ ಫೋನು ಹೊಡೆದುಕೊಂಡಿತು, ಗುರುತಿಲ್ಲದ ನಂಬರು. ಇಷ್ಟು ಬೇಗ ತನ್ನ ರಕ್ತದ ಕೆಡುಕು ಕಂಡುಹಿಡಿದುಬಿಟ್ಟರೇ? ಎತ್ತಿದರೆ ಸ್ಪಂದನಾ.

"ಮಾವ, ಇಬ್ರುದೂ ಚೆನ್ನಾಗದೆ. ಓಲಗದವ್ರುಗೆ ಯೋಳ್ಬುಡಿ."

ನಿಂಗಯ್ಯ ಸುತ್ತ ನೋಡಿ ದನಿ ತಗ್ಗಿಸಿದ. "ಅಲ್ಲೇ ಇದ್ರೆ ವಸಿ ಕೇಳ್ನೋಡವ್ವ, ನಂದೇನಾರ ಗೊತ್ತಾಯ್ತಾ?"