ಗೆರೆ ಮೇಷ್ಟ್ರ ಲೆಕ್ಕಕ್ಕೆ ಬಾರದ ಟಾರು

ನಮ್ಮ ಭಾವನನ್ನು ನಾವು ಕೆಲಸ ಮಾಡುತ್ತಿದ್ದ ಪ್ರಯೋಗದ ಶೆಡ್ಡಿನಲ್ಲಿ ಎಲ್ಲರೂ ಗೆರೆ ಮೇಷ್ಟ್ರು ಎನ್ನುತ್ತಿದ್ದರು. ಬೆಳಗಾದರೆ ಕಂಪ್ಯೂಟರಿನ ಮುಂದೆ ಕೂತು ಒಂದು ಹಸಿರು ಗೆರೆಯನ್ನು ಕಾಯುವುದೇ ಈ ಮನುಷ್ಯನ ಕೆಲಸ ಎಂದು ತಮಾಷೆ. ಆಡಿಕೊಳ್ಳುವವರಿಗೇನು, ಬಾಯಿಗೆ ಬಾಡಿಗೆಯೇ? ಕಟ್ಟಿಗೆ ಚೂರನ್ನು ಗಾಳಿ ಸಾಲದಂತೆ ಬೇಯಿಸಿದರೆ ಅನಿಲ ಬರುತ್ತದೆ. ಅದನ್ನು ಫ್ಯುಯೆಲ್ ಸೆಲ್ಲಿಗೆ, ಅಂದರೆ ಒಂದರ ಮೇಲೊಂದು ಪೇರಿಸಿದ ತೆಳು ಬಿಲ್ಲೆಗಳಿಗೆ ಹಾಯಿಸಿದರೆ ಕರೆಂಟು ಹುಟ್ಟುತ್ತದೆ. ಇಷ್ಟನ್ನೂ ಭಾವ ಮೊದಲು ಕಂಪ್ಯೂಟರಿನೊಳಗೇ ಓಡಿಸಿ ನೋಡುತ್ತಿದ್ದರು. ಸೆಲ್ಲಿನಿಂದ ಎಷ್ಟು ಕರೆಂಟು ಬರಬೇಕೆಂಬ ಅವರ ಲೆಕ್ಕವೇ ಆ ಹಸಿರು ಗೆರೆ. ನಾನು ಅದೇ ಶೆಡ್ಡಿನ ಎಲೆಕ್ಟ್ರಿಷಿಯನ್. ಊಟ, ನಿದ್ದೆ ಅಕ್ಕ-ಭಾವನ ಮನೆಯಲ್ಲೇ. ಒಂದು ಮನೆಯ ಎರಡು ಸಂಬಳವೂ ಅಲ್ಲಿಂದಲೇ ಬರಬೇಕು.

ಆ ವರ್ಷ ಶೆಡ್ಡಿನ ನಿರ್ದೇಶಕರು ಬಾಯಿಬಿಟ್ಟೇ ಹೇಳಿದ್ದರು: ಇರುವುದು ಒಂದೇ ಸೆಲ್, ಪರೀಕ್ಷೆಯ ದಿನ ಅದು ಸಂಜೆಯವರೆಗೆ ಓಡಿದರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಅಂದಿನಿಂದ ಭಾವನಿಗೆ ಊಟ ಸೇರಲಿಲ್ಲ. ತುತ್ತು ಕೈಯಲ್ಲಿದ್ದಂತೆಯೇ ಮನಸ್ಸು ಎಲ್ಲೋ ಹೋಗಿಬಿಡುತ್ತಿತ್ತು. ನಿಮ್ಮ ಗೆರೆಗೇ ಬಡಿಸ್ಲಾ ಎಂದು ಅಕ್ಕ ರೇಗುತ್ತಿದ್ದಳು. ಅವಳ ರೇಗಾಟ ಕೇಳಿದರೆ ಮನೆ ಇನ್ನೂ ನೆಟ್ಟಗಿದೆ ಎಂದು ನನಗೆ ಸಮಾಧಾನ.

ಕಟ್ಟಿಗೆಯ ಅನಿಲದ ಜೊತೆ ಟಾರು ಬರುತ್ತದೆ, ಕರೀ ಜಿಗುಟು. ಸೆಲ್ಲಿಗೆ ಅದು ವಿಷ. ಫಿಲ್ಟರು ಅದನ್ನು ಪೂರ್ತಿ ಹಿಡಿಯುತ್ತದೆ ಎಂದಿಟ್ಟುಕೊಂಡು ಭಾವ ಕಂಪ್ಯೂಟರಿನೊಳಗೆ ಟಾರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎಷ್ಟೋ ಜನ ಹಾಗೇ ಮಾಡುತ್ತಾರಂತೆ, ಲೆಕ್ಕ ಹಗುರಾಗಲಿ ಎಂದು.

ಪರೀಕ್ಷೆಯ ದಿನ ಬೆಳಗ್ಗೆ ಎಲ್ಲ ಸುಸೂತ್ರ. ಮಧ್ಯಾಹ್ನದ ಹೊತ್ತಿಗೆ ಸೆಲ್ಲಿನ ಮೇಲಿದ್ದ ಮೀಟರು ಇಳಿಯತೊಡಗಿತು. ಪಕ್ಕದ ಕಂಪ್ಯೂಟರಿನಲ್ಲಿ ಹಸಿರು ಗೆರೆ ಮಾತ್ರ ಹಾಸಿದ ಚಾಪೆಯಂತೆ ನೇರ. ಭಾವ ಎರಡನ್ನೂ ನೋಡಿದರು.

“ಮೀಟರ್ ಕೆಟ್ಟಿದೆ ಕಣೋ. ಬೇರೆ ಹಾಕು.”

“ಅನಿಲ ನಿಲ್ಲಿಸ್ಲಾ ಭಾವ?”

“ಬೇಡ. ನಿಲ್ಲಿಸಿದ್ರೆ ಪರೀಕ್ಷೆ ಅಲ್ಲಿಗೇ ಮುಗೀತು.”

ನಾನೂ ನಂಬಿದೆ. ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡವನೇ ಅಲ್ಲ. ಹೊಸ ಮೀಟರು ಹಾಕಿದೆ, ಅದು ಇನ್ನೂ ಕೆಳಗೆ ತೋರಿಸಿತು. ವೈರು ನೋಡು ಎಂದರು, ವೈರನ್ನೂ ಬದಲಾಯಿಸಿದೆ. ನಿರ್ದೇಶಕರು ಬಂದು ಹಿಂದೆ ನಿಂತರು. ಆಮೇಲೆ ಭಾವನಿಗೆ ಏನು ಹೊಳೆಯಿತೋ, ಎದ್ದುಬಿದ್ದು ಓಡಿಹೋಗಿ ತಾವೇ ಅನಿಲದ ವಾಲ್ವು ತಿರುಗಿಸಿ ಮುಚ್ಚಿದರು. ಅಷ್ಟರಲ್ಲಿ ಮೀಟರಿನಲ್ಲಿ ಏನೂ ಉಳಿದಿರಲಿಲ್ಲ. ಸೆಲ್ಲಿನ ಬಿಸಿ ಆರಿದ ಮೇಲೆ ಬಿಚ್ಚಿ ನೋಡಿದರೆ ಬಿಲ್ಲೆಗಳೆಲ್ಲ ಫಿಲ್ಟರು ದಾಟಿ ಬಂದ ಟಾರಿನ ಮಸಿ ಮೆತ್ತಿಕೊಂಡು ಬಿರಿದುಹೋಗಿದ್ದವು.

“ಮೀಟರ್ ಸರಿಯಾಗೇ ಇತ್ತಲ್ಲೋ,” ಎಂದರು ಭಾವ.

ನಿರ್ದೇಶಕರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ವಾರ ಕಳೆಯುವುದರೊಳಗೆ ಬೀಗ ಬಿತ್ತು. ನಾನು ಅಲ್ಲಿ ಇಲ್ಲಿ ಫ್ಯಾನು ರಿಪೇರಿಗೆ ಹೋಗುತ್ತಿದ್ದೆ. ಭಾವ ಮನೆಯ ಹಳೇ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಇನ್ನೂ ಏನು ಉಳಿದಿದೆ ಅದರಲ್ಲಿ?

ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಕೈಹಿಡಿದು ಕೂರಿಸಿಕೊಂಡರು. ಪರದೆಯ ಮೇಲೆ ಎರಡು ಗೆರೆ: ಅಂದು ಮೀಟರು ಬರೆದಿಟ್ಟಿದ್ದು ಕೆಂಪು, ಈಗ ಕಂಪ್ಯೂಟರು ಎಳೆದದ್ದು ಹಸಿರು. ಎರಡೂ ಒಂದರ ಮೇಲೊಂದು ಕೂತು, ಮಧ್ಯಾಹ್ನದ ಜಾಗದಲ್ಲಿ ಒಟ್ಟಿಗೇ ಬಾಗಿ, ತಳ ಮುಟ್ಟಿದ್ದವು.

“ಟಾರು ಸೇರಿಸ್ದೆ. ಈಗ ಹೊಂದುತ್ತೆ ಅಲ್ವಾ?” ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ.

“ಹೊಂದುತ್ತೆ ಭಾವ.”

“ಇನ್ನೊಂದ್ಸಲ ಓಡಿಸಿದ್ರೆ ಯಾವಾಗ ನಿಲ್ಲಿಸ್ಬೇಕು ಅಂತ ಈಗ ಗೊತ್ತು ಕಣೋ.”

ಓಡಿಸಲು ಇನ್ನು ಸೆಲ್ ಎಲ್ಲಿದೆ? ಅಕ್ಕ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಈಗ ರೇಗುತ್ತಾಳೆ, ಈಗ ರೇಗುತ್ತಾಳೆ ಎಂದು ಕಾದೆ. ತಟ್ಟೆಯನ್ನು ಸದ್ದಾಗದಂತೆ ಅವರ ಪಕ್ಕದಲ್ಲಿಟ್ಟು ಒಳಗೆ ಹೋದಳು.