ತಟ್ಟಿ ನೋಡದೆ ಕೊಯ್ಯಬಾರದು

ಎಂಆರ್‌ಐ ಯಂತ್ರದಿಂದ ಹೊರಬಂದ ಅಪ್ಪಯ್ಯ ನಗುತ್ತಿದ್ದರು. ಹೊರಗೆ ಕೂತಿದ್ದ ನಾನೇ ಅದರ ಟಕಟಕ ಸದ್ದಿಗೆ ಕಿವಿ ಮುಚ್ಚಿಕೊಂಡಿದ್ದೆ. ಅವರ ತಲೆಯೊಳಗಿನ ಗಡ್ಡೆ ಯಾವ ಬಗೆಯದೆಂದು ಆಪರೇಷನ್‌ಗೆ ಮೊದಲೇ ಅಂದಾಜು ಮಾಡಲು ಡಾಕ್ಟರು ಬರೆದುಕೊಟ್ಟ ವಿಶೇಷ ಸ್ಕ್ಯಾನ್ ಅದು.

“ಹೆದ್ರಿಕಿ ಆಯ್ಲಿಲ್ಯಾ ಅಪ್ಪಯ್ಯ?” ಎಂದೆ.

“ಎಂತಕ್ ಹೆದ್ರುದ್ ಮಗಾ? ಮರ ಕೊಯ್ಯುಕ್ ಮೊದ್ಲ್ ನಾನೂ ತಟ್ಟಿಯೇ ಕಾಂಬುದಲ್ದಾ?” ಎಂದರು, ಹಂಗಾರಕಟ್ಟೆಯಲ್ಲಿ ನಲವತ್ತು ವರ್ಷ ದೋಣಿ ಕಟ್ಟಿದ ಅಪ್ಪಯ್ಯ.

ವರದಿ ನಾಳೆ ಬರುತ್ತದೆ. ಪರೀಕ್ಷೆಗೆ ಓದುವಾಗೆಲ್ಲ, “ಆ ಕುಟ್ಟುದ್ ಒಮ್ಮೆ ನಿಲ್ಸಿ” ಎಂದು ಅವರ ಹತ್ತಿರ ಜಗಳವಾಡುತ್ತಿದ್ದವಳು ನಾನು. ಇವತ್ತು ಆಸ್ಪತ್ರೆಯಿಂದ ಬಂದ ಮೇಲೆ, ಮನೆ ಪಕ್ಕದ ದೋಣಿ ಚಪ್ಪರದಲ್ಲಿ ಅವರ ಸುತ್ತಿಗೆಯ ಸದ್ದು ಒಂದು ಗಳಿಗೆ ನಿಂತರೂ ಎದ್ದು ಹೋಗಿ ಇಣುಕಿ ಬರುತ್ತಿದ್ದೇನೆ.