ಯಾರ ಕೈಗೂ ಆಗದ ಚೆಂಡು

ಕೋಡಿಯ ಸುಧೀರ್ ಅವರ ಅಡುಗೆಕೋಣೆಯಲ್ಲಿ ಕುಚ್ಚಲಕ್ಕಿಯ ಡಬ್ಬಿಗಳು ಮೂರು. ಒಂದರ ಅಕ್ಕಿ ಊಟಕ್ಕೆ. ಉಳಿದೆರಡರ ಅಕ್ಕಿಯೊಳಗೆ ಜಾದೂ ಚೆಂಡುಗಳು ಹುದುಗಿರುತ್ತವೆ. ಒಂದರಲ್ಲಿ ಸುಧೀರ್ ಅವರವು, ಇನ್ನೊಂದರಲ್ಲಿ ಅವರ ಹೆಂಡತಿ ಶ್ರೀಲತಾ ಅವರವು. ಕಡಲ ಗಾಳಿಯ ತೇವ ಹತ್ತಿದರೆ ಚೆಂಡಿನ ಬಣ್ಣ ಬೆರಳಿಗೆ ಅಂಟತೊಡಗುತ್ತದೆ. ಬೆರಳಿಗೆ ಅಂಟುವ ಚೆಂಡು ಮಾಯವಾಗುವುದಿಲ್ಲ. ಅಕ್ಕಿ ಆ ತೇವವನ್ನು ಹೀರುತ್ತದೆ.

ಸುಧೀರ್ ಅವರ ತಾಯಿ ಬೆಳ್ಳಿಯವರಿಗೆ ಈ ಏರ್ಪಾಡು ಹಿಡಿಸಿಲ್ಲ. "ಉಂಬು ಅಕ್ಕಿಯಂಗೆ ಬಣ್ಣದ್ ಚೆಂಡ್! ಒಂದಿನ ಗಂಜಿಯಂಗೂ ಒಂದ್ ಸಿಕ್ಕತ್ತ್ ಕಾಣ್" ಎಂದು ಅವರು ಹೇಳುತ್ತಲೇ ಇರುತ್ತಾರೆ.

ಸುಧೀರ್ ಬಲೆ ಹೆಣೆಯುವವರು. ಹರಿದ ಬಲೆಯನ್ನು ಅಂಗಳದಲ್ಲಿ ಹರಡಿಕೊಂಡು ಕೂತರೆ ಊಟದ ಹೊತ್ತಿನವರೆಗೆ ತಲೆಯೆತ್ತುವುದಿಲ್ಲ. ಪ್ರಾಯದಲ್ಲಿ ಕೆಲ ಕಾಲ ಮುಂಬಯಿಯ ಒಂದು ಕ್ಯಾಂಟೀನಿನಲ್ಲಿದ್ದರು. ಅಲ್ಲಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಅಡುಗೆಯವನೊಬ್ಬ ಜಾದೂ ಕಲಿಸಿದ. ಊರಿಗೆ ಮರಳಿದ ಮೇಲೆ ಶಿರೂರಿನಿಂದ ಬ್ರಹ್ಮಾವರದವರೆಗೆ, ಶಾಲೆಯ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ, ಯುವಕ ಮಂಡಲದ ಕಾರ್ಯಕ್ರಮ ಎಲ್ಲೆಡೆ 'ಜಾದೂಗಾರ ಕೋಡಿ ಸುಧೀರ್' ಎಂದು ಹೆಸರಾಯಿತು. ಹಗ್ಗ ಕತ್ತರಿಸಿ ಕೂಡಿಸುವುದನ್ನೂ ಹರಿದ ಪೇಪರನ್ನು ಇಡಿಯಾಗಿಸುವುದನ್ನೂ ಅವರು ಆಟ ಎನ್ನುತ್ತಾರೆ. ಬರಿಗೈಯಲ್ಲಿ ಒಂದು ಕೆಂಪು ಚೆಂಡು ಹುಟ್ಟಿ, ಎರಡಾಗಿ, ಬೆರಳ ಸಂದಿಗಳೆಲ್ಲ ತುಂಬಿ, ಮತ್ತೆ ಒಂದೊಂದಾಗಿ ಇಲ್ಲವಾಗುವುದನ್ನು ಮಾತ್ರ ವಿದ್ಯೆ ಎನ್ನುತ್ತಾರೆ. ಯಾವ ವೇದಿಕೆಯಲ್ಲೂ ಅದು ಕೊನೆಗೆ ಬರುತ್ತಿತ್ತು. ಅದನ್ನು ಮಾಡುವಾಗ ಪಕ್ಕದಲ್ಲಿ ಮಾತನಾಡಲು ಯಾರನ್ನೂ ಬಿಡುತ್ತಿರಲಿಲ್ಲ.

ಚೆಂಡು ಅವರೇ ಮಾಡಿದ್ದು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಚೆಂಡುಗಳನ್ನು ತರಿಸಿ ನೋಡಿದ್ದರು. ಅವು ಒಂದಕ್ಕೊಂದು ತಾಗಿದರೆ ಟಿಕ್ಕೆಂದು ಗುಟ್ಟು ಬಿಟ್ಟುಕೊಡುತ್ತಿದ್ದವು. ಹೊಳಪು ಹೆಚ್ಚಾಗಿ, ಬೆವರಿದ ಕೈಯಿಂದ ಜಾರುತ್ತಿದ್ದವು. ಕೊನೆಗೆ ಅವರ ಕಣ್ಣು ಹಳೆಯ ಬಲೆಗಳ ಬೆಂಡಿನ ಮೇಲೆ ಬಿತ್ತು. ಬಲೆಯ ಮೇಲಂಚನ್ನು ನೀರಿನಲ್ಲಿ ತೇಲಿಸುವ ಬೆಂಡು ಗಟ್ಟಿ, ಆದರೆ ತಾಗಿದರೆ ಸದ್ದಿಲ್ಲ. ಕೆತ್ತಿ, ಉಪ್ಪುಕಾಗದದಿಂದ ಉಜ್ಜಿ ಗುಂಡಗೆ ಮಾಡಬಹುದು. ತೀರಾ ಹಗುರವಾದರೆ ಚೆಂಡು ಕೈಯಲ್ಲಿರುವುದೇ ತಿಳಿಯುವುದಿಲ್ಲ. ಆದ್ದರಿಂದ ಹಗ್ಗ ಪೋಣಿಸುವ ತೂತಿನೊಳಗೆ, ಬಲೆಯ ಕೆಳಂಚನ್ನು ಮುಳುಗಿಸುವ ಸೀಸದ ಒಂದು ತುಂಡನ್ನು ನಡುಮಧ್ಯಕ್ಕೆ ಕೂರಿಸಿ, ಎರಡೂ ಕಡೆ ಮುಚ್ಚುತ್ತಾರೆ. ಆಮೇಲೆ ದೋಣಿಗೆ ಬಳಿಯುವ ಕೆಂಪು ಬಣ್ಣ. ಅದು ಚೆನ್ನಾಗಿ ಒಣಗಿದ ಮೇಲೆ ಹಳೆಯ ಗೋಣಿಯಿಂದ ತಿಕ್ಕಿ ಹೊಳಪು ಕೊಲ್ಲುತ್ತಾರೆ. ದೀಪ ಚೆಂಡಿನ ಮೇಲೆ ಮಿಂಚಬಾರದು.

ಎಲ್ಲಕ್ಕಿಂತ ಮುಖ್ಯ ಅಳತೆ. ಚೆಂಡು ಎರಡು ಬೆರಳ ನಡುವೆ ಒತ್ತದೆ ನಿಲ್ಲಬೇಕು. ದೊಡ್ಡದಾದರೆ ಬೆರಳು ನೋಯಿಸಿ ಹೊರಗೆ ಚಿಮ್ಮುತ್ತದೆ, ಚಿಕ್ಕದಾದರೆ ಸಡಿಲವಾಗಿ ಬೀಳುತ್ತದೆ. ಬಣ್ಣವೂ ದಪ್ಪ ಸೇರಿಸುವುದರಿಂದ ಬೆಂಡನ್ನು ಬೇಕಾದ್ದಕ್ಕಿಂತ ಒಂದು ಪದರ ಹೆಚ್ಚು ಉಜ್ಜಿರಬೇಕು. ಒಬ್ಬರ ಕೈಯ ಚೆಂಡು ಇನ್ನೊಬ್ಬರಿಗೆ ಆಗುವುದಿಲ್ಲ.

ಚೆಂಡಿನ ಎರಡನೆಯ ಡಬ್ಬಿ ಬಂದದ್ದು ಇತ್ತೀಚೆಗೆ. ಶ್ರೀಲತಾ ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ. ಗಂಡನ ಕಾರ್ಯಕ್ರಮವಿದ್ದಾಗ ಮಧ್ಯಾಹ್ನವೇ ಬುಟ್ಟಿ ಖಾಲಿ ಮಾಡಿ, ಹುಣಸೆಹುಳಿ ಹಚ್ಚಿ ಕೈ ತಿಕ್ಕಿ ತೊಳೆದು, ವೇದಿಕೆಯಲ್ಲಿ ಟ್ರೇ ಹಿಡಿದು ನಿಲ್ಲುತ್ತಿದ್ದರು. ಕೆಲಸಕ್ಕೆ ಬಾರದ ಚಿಕ್ಕ ಬೆಂಡುಗಳಲ್ಲಿ ಬಿಡುವಿದ್ದಾಗ ಚೆಂಡು ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದುದು ಸುಧೀರ್ ಅವರಿಗೂ ಗೊತ್ತಿತ್ತು. ತಮಾಷೆಗೆ ಒಂದು ಸೆಟ್ ಚೆಂಡು ಮಾಡಿಕೊಟ್ಟಿದ್ದರು. ಬ್ರಹ್ಮಾವರದ ಒಂದು ಮದುವೆಯ ದಿನ ಸುಧೀರ್ ಅವರ ಬೆರಳಿಗೆ ಬಲೆಯ ನೈಲಾನ್ ದಾರ ಕೊಯ್ದು ಪಟ್ಟಿ ಕಟ್ಟಬೇಕಾಯಿತು. ಚೆಂಡಿನ ವಿದ್ಯೆಯನ್ನು ಕೈಬಿಡುವುದೆಂದು ಅವರು ಹೇಳಿದಾಗ ಶ್ರೀಲತಾ, "ನಾನ್ ಒಂದ್ಸಲ ಕಾಂತೆ ಹ್ವಾಯ್. ಬಿದ್ರೆ ಬೀಳ್ಲಿ" ಎಂದರು.

ಬೀಳಲಿಲ್ಲ. ಸುಧೀರ್ ಪರದೆಯ ಬದಿಯಲ್ಲಿ ಪಟ್ಟಿ ಕಟ್ಟಿದ ಕೈ ಹಿಡಿದು ನಿಂತಿದ್ದರು. ತಮ್ಮ ಚೆಂಡಿಗೆ ಎಷ್ಟು ಹೊತ್ತು ಚಪ್ಪಾಳೆ ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಆ ದಿನದ ಚಪ್ಪಾಳೆ ಅಲ್ಲಿಗೆ ಮುಗಿಯಲಿಲ್ಲ.

ಮನೆಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ನೀ ಕೈಯೇ ಕಾಂತಿಲ್ಲೆಯಲೆ. ಚೆಂಡ್ ಎಲ್ಲಿತ್ತ್ ಅಂತ ಹ್ಯಾಂಗ್ ಗೊತ್ತಾತ್ತ್?"

"ಮೀನ್ ಕೊಯ್ವಾಗ ಕೈ ಕಾಂಬುಕಿತ್ತಾ? ಗಿರಾಕಿ ಮುಖ ಕಾಂಬುದ್. ಮುಖ ಬಿಟ್ರೆ ಗಿರಾಕಿ ಬದಿಯವ್ಳ್ ಹತ್ರ ಹೋತ್ರ್" ಎಂದರು ಶ್ರೀಲತಾ.

ಬಲೆ ಹೆಣೆಯುವವನ ಕಣ್ಣು ಕೈಯಲ್ಲೇ ಇರಬೇಕು, ಇಲ್ಲದಿದ್ದರೆ ಗಂಟು ತಪ್ಪುತ್ತದೆ. ವೇದಿಕೆಯ ಮೇಲೂ ಸುಧೀರ್ ತಮ್ಮ ಕೈಯನ್ನೇ ನೋಡುತ್ತಿದ್ದರು. ಅವರು ನೋಡಿದಲ್ಲಿ ಜನರೂ ನೋಡುತ್ತಿದ್ದರು. ಹೆಂಡತಿ ಜನರನ್ನು ನೋಡಿದಳು, ಜನ ಹೆಂಡತಿಯನ್ನು ನೋಡಿದರು, ಕೈಯನ್ನು ಯಾರೂ ನೋಡಲಿಲ್ಲ. ಮುಂಬಯಿಯ ಅಡುಗೆಯವನು ಇದನ್ನೇ ಮತ್ತೆ ಮತ್ತೆ ಹೇಳಿದ್ದ. ತಮಗೆ ಬಾರದೆ ಹೋದದ್ದು ಇವಳಿಗೆ ಮೀನಿನ ಮಣೆಯ ಮುಂದೆ ಕೂತು ಬಂದಿತ್ತು. ಗುರುವಿಲ್ಲ, ಅಭ್ಯಾಸವೂ ಅಷ್ಟಿಲ್ಲ. ಅದು ಅವರಿಗೆ ಮುಳ್ಳಾಗಿ ಚುಚ್ಚಿತು.

ಅಂದಿನಿಂದ ಮನೆಯಲ್ಲಿ ಸಣ್ಣ ಸಣ್ಣ ಸಂಗತಿಗಳು ನಡೆದವು. ಶ್ರೀಲತಾ ಅವರ ಡಬ್ಬಿಯ ಮುಚ್ಚಳ ಆಗಾಗ ಸಡಿಲವಾಗಿರುತ್ತಿತ್ತು. ಅಭ್ಯಾಸಕ್ಕೆ ಕನ್ನಡಿ ಬೇಕೆಂದಾಗ ಸುಧೀರ್ ಅವರಿಗೂ ಅದೇ ಹೊತ್ತಿಗೆ ಗಡ್ಡ ಕೆರೆಯಬೇಕಾಗುತ್ತಿತ್ತು. ಮಾರ್ಕೆಟ್ಟಿನಲ್ಲಿ ಗಿರಾಕಿಗಳಿಲ್ಲದಾಗ ಶ್ರೀಲತಾ ಸೊಂಟದ ಸಂಚಿಯಿಂದ ಒಂದು ಚೆಂಡು ತೆಗೆದು ಬೆರಳಾಡಿಸುತ್ತಾರೆ, ಸುತ್ತ ಜನ ಸೇರುತ್ತಾರೆ ಎಂದು ಯಾರೋ ಹೇಳಿದಾಗ ಸುಧೀರ್, "ವಿದ್ಯೆ ಅಂದ್ರೆ ಬೂತಾಯಿ ಮೀನ್ ಅಲ್ಲ, ಬುಟ್ಟಿಯಂಗೆ ಇಡೂಕೆ" ಎಂದರು.

ಬೆಳ್ಳಿ ಮಗನನ್ನು ಗಮನಿಸುತ್ತಿದ್ದರು. "ಹೊಟ್ಟಿಕಿಚ್ಚ್ ಎಂತಕ್ ಮಗಾ? ಅವ್ಳ್ ಕೈಯಂಗೆ ಹಸಿ ಮೀನೇ ಜಾರುದಿಲ್ಲೆ, ನಿನ್ ಬೆಂಡ್ ಜಾರತ್ತಾ?"

"ನಿಂಗ್ ಎಂತ ಗೊತ್ತಿತ್ತ್ ಅಮ್ಮಾ? ನೀ ಬಾಯಿ ಮುಚ್ಕಂಡ್ ಕೂಕೊ."

"ಕೂಕಂಡೇ ಕಾಂತಿದ್ದೆ" ಎಂದರು ಬೆಳ್ಳಿ.

ನಾವುಂದದ ಯುವಕ ಮಂಡಲದ ಕಾರ್ಯದರ್ಶಿ ಜಿತೇಂದ್ರ ಅವರ ಫೋನು ಬಂದದ್ದು ಆಗಲೇ. ಮಂಡಲದ ವಾರ್ಷಿಕೋತ್ಸವಕ್ಕೆ ಸುಧೀರ್ ಪ್ರತಿವರ್ಷ ಹೋಗುತ್ತಿದ್ದವರು.

"ಸುಧೀರಣ್ಣ, ಒಂದ್ ಮಾತ್. ಬೇಜಾರ್ ಮಾಡ್ಕಂಬೇಡಿ. ಚೆಂಡಿನದ್ದ್ ಶ್ರೀಲತಕ್ಕನೇ ಮಾಡ್ಲಿ ಅಂತ ಎಲ್ಲರೂ ಹೇಳ್ತಿದ್ರ್."

"ಎಲ್ಲರೂ ಅಂದ್ರೆ ಯಾರ್?"

"ಹೆಂಗಸ್ರೆಲ್ಲ. ಬ್ರಹ್ಮಾವರದ ಮದಿಯಂಗೆ ಕಂಡಿದ್ರಂಬ್ರ್."

"ಹಂಗಾರೆ ನಾನ್ ಎಂತ ಮಾಡೂದ್?"

"ನೀವ್ ಹಗ್ಗದ್ದ್, ಪೇಪರಿಂದ್ ಮಾಡಿ ಅಣ್ಣ. ಮತ್ತೆ ಟ್ರೇ ಹಿಡೂಕೂ ಒಬ್ರ್ ಬೇಕಲೆ" ಎಂದು ಜಿತೇಂದ್ರ ನಕ್ಕರು. ಸುಧೀರ್ ನಗಲಿಲ್ಲ. ಆಯಿತು ಎಂದಷ್ಟೇ ಹೇಳಿ ಫೋನು ಇಟ್ಟರು.

ಶ್ರೀಲತಾ ಅವರ ಚೆಂಡುಗಳ ಬಣ್ಣ ಅಲ್ಲಲ್ಲಿ ಎದ್ದಿತ್ತು. ನಾವುಂದಕ್ಕೆ ಹೊಸ ಸೆಟ್ ಮಾಡಿಕೊಡುವುದಾಗಿ ಸುಧೀರ್ ತಾವಾಗಿಯೇ ಹೇಳಿದರು. ಹಳೆಯದನ್ನು ಮಾದರಿಗೆಂದು ತೆಗೆದುಕೊಂಡರು. ಅಂಗಳದಲ್ಲಿ ಕೂತು ಉಜ್ಜಿದರು. ಬೆಂಡಿನ ಪುಡಿ ಮಡಿಲ ತುಂಬ ಬಿತ್ತು. ಅವಳ ಅಳತೆಗೆ ಇನ್ನೂ ಸ್ವಲ್ಪ ಉಳಿದಿದೆ ಎನ್ನುವಾಗ ಅವರ ಕೈ ನಿಂತಿತು. ಹೆಚ್ಚಾಗಿ ಉಳಿದದ್ದು ಕಣ್ಣಿಗೆ ಕಾಣದಷ್ಟು, ಬೆರಳಿಗೆ ಮಾತ್ರ ತಿಳಿಯುವಷ್ಟು. ಅದರ ಮೇಲೆ ಬಣ್ಣ ಬಳಿದರು. ಬಣ್ಣದ ದಪ್ಪವನ್ನು ಅವರು ಮರೆತಿರಲಿಲ್ಲ, ಬೇಕೆಂದೇ ಬಿಟ್ಟರು. ಒಂದು ಚೆಂಡು ಅವಳ ಕೈಯಿಂದ ಬಿದ್ದರೆ ಸಾಕಿತ್ತು. ಒಮ್ಮೆ ಬಿದ್ದರೆ ಯಾರೂ ಅವಳ ಹೆಸರು ಹೇಳಿ ಕರೆಯುವುದಿಲ್ಲ, ವಿದ್ಯೆ ತಮ್ಮಲ್ಲೇ ಉಳಿಯುತ್ತದೆ ಎಂದು ಅವರ ಎಣಿಕೆ.

ನಾವುಂದದಲ್ಲಿ ಕಾರ್ಯಕ್ರಮ ಭಾನುವಾರ ಮಧ್ಯಾಹ್ನದ ಮೇಲೆ. ಶಾಲೆಯ ಮೈದಾನದಲ್ಲಿ ವೇದಿಕೆ, ಪಕ್ಕದ ತರಗತಿಯಲ್ಲಿ ತಯಾರಿ. ವೇದಿಕೆಯ ಬೋರ್ಡಿನ ಮೇಲೆ ಇಬ್ಬರ ಹೆಸರಿತ್ತು. ಶ್ರೀಲತಾ ಅವರದು ಮೊದಲು. ಸುಧೀರ್ ತಮ್ಮ ಚೆಂಡುಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಹಗ್ಗ, ಪೇಪರು ಮುಗಿಸಿ ಒಳಗೆ ಬಂದು, ಆವರೆಗೆ ತಮ್ಮಲ್ಲೇ ಇಟ್ಟುಕೊಂಡಿದ್ದ ಹೊಸ ಚೆಂಡುಗಳ ಡಬ್ಬಿಯನ್ನು ಹೆಂಡತಿಗೆ ಕೊಟ್ಟರು.

ಶ್ರೀಲತಾ ಒಂದನ್ನು ಬೆರಳ ನಡುವೆ ಇಟ್ಟರು. ತೆಗೆದು ಇನ್ನೊಂದನ್ನು ಇಟ್ಟರು.

"ಇದ್ ಯಾರ್ ಕೈಗ್ ಮಾಡಿದ್ದ್?"

"ನಿನ್ ಕೈಗೇ. ಮತ್ಯಾರಿಗೆ?"

"ನನ್ ಕೈ ನಿಮ್ಗ್ ಗೊತ್ತಿಲ್ಯಾ?"

"ಬಣ್ಣ ಒಂಚೂರ್ ದಪ್ಪ ಆಯ್ತೋ ಏನೋ."

"ಬಣ್ಣ ಅಲ್ಲ ಹ್ವಾಯ್." ಅವರು ಗಂಡನ ಮುಖ ನೋಡಿದರು. ಮಣೆಯ ಮುಂದೆ ನಿಂತ ಗಿರಾಕಿಯ ಮುಖ ನೋಡುವ ಹಾಗೆಯೇ ನೋಡಿದರು. ಸುಧೀರ್ ಕೆಳಗೆ, ಕೈಯಲ್ಲಿದ್ದ ಮುಚ್ಚಳವನ್ನು ನೋಡಿದರು. "ನಂಗ್ ದೊಡ್ಡದಾದ್ರೆ ನಿಮ್ಗ್ ಸಮ ಇರತ್ತ್. ನಿಮ್ದೇ ವಿದ್ಯೆ ಅಲ್ದಾ, ನೀವೇ ಮಾಡಿ. ಟ್ರೇ ನಾ ಹಿಡೀತೆ."

ಹೊರಗೆ ಮೈಕಿನಲ್ಲಿ ಕರೆಯುತ್ತಿದ್ದರು. ಸುಧೀರ್ ಚೆಂಡುಗಳನ್ನು ಎತ್ತಿಕೊಂಡು ಹೋದರು. ಬಯಸಿದ್ದು ಕೈಗೆ ಬಂದಿತ್ತು. ವೇದಿಕೆಯ ನಡುವೆ ನಿಂತ ಮೇಲಷ್ಟೇ ಅವರಿಗೆ ಹೊಳೆದದ್ದು, ಅವಳಿಗೆ ದೊಡ್ಡದೆಂದು ಬಿಟ್ಟ ಚೆಂಡು ತಮ್ಮ ಅಳತೆಗೂ ಬಂದಿರಲಿಲ್ಲ. ಎರಡು ಕೈಗಳ ನಡುವೆ ಎಲ್ಲೋ ನಿಂತಿತ್ತು.

ಒಂದು ಚೆಂಡು ಹುಟ್ಟಿತು. ಎರಡಾಯಿತು. ಮೂರನೆಯದು ಬೆರಳ ಸಂದಿಯಲ್ಲಿ ಸಡಿಲವಾಗಿ ಕೂತು, ಜಾರಿ, ಹಲಗೆಯ ಮೇಲೆ ಬಿದ್ದು ಅಂಚಿನವರೆಗೆ ಉರುಳಿತು.

ಮುಂದಿನ ಸಾಲಿನ ಹೆಂಗಸೊಬ್ಬರು ಕೂಗಿದರು. "ಹ್ವಾಯ್, ಕೋಡಿಯಿಂದ ಒಂದ್ ಬಲೆ ತರೂಕಾಯ್ತಿಲ್ಯಾ?"

ಮೈದಾನವೆಲ್ಲ ನಕ್ಕಿತು. ಸುಧೀರ್ ತಮ್ಮ ಕೈಯನ್ನೇ ನೋಡುತ್ತ ನಿಂತರು.

ಶ್ರೀಲತಾ ಟ್ರೇ ಹಿಡಿದುಕೊಂಡೇ ಮುಂದೆ ಬಂದು ಬಿದ್ದ ಚೆಂಡನ್ನು ಎತ್ತಿ ಟ್ರೇಯಲ್ಲಿಟ್ಟರು. ಸೊಂಟಕ್ಕೆ ಕೈಯಿಟ್ಟು, ಕೂಗಿದ ಹೆಂಗಸಿನ ಮುಖವನ್ನೇ ನೋಡಿದರು. "ಎಂತ ಅಕ್ಕಾ? ತಾಜಾ ಇತ್ತ್. ಕಾಣಿ!"

ಬರಿದಾಗಿದ್ದ ಅವರ ಕೈಯಲ್ಲಿ ಬಣ್ಣ ಎದ್ದ ಹಳೆಯ ಚೆಂಡೊಂದಿತ್ತು. ಸಂಚಿಯಲ್ಲಿ ಉಳಿದಿದ್ದ ಒಂದೇ ಒಂದು ಅದು. "ಬ್ಯಾಡದಾ? ಬ್ಯಾಡದಿದ್ರೆ ಬಿಡಿ" ಎಂದರು. ಚೆಂಡು ಇರಲಿಲ್ಲ. ಕೂಗಿದ ಹೆಂಗಸು ತಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನಗು ಚಪ್ಪಾಳೆಯಾಯಿತು. ಚೆಂಡು ಬೀಳಿಸಿದ್ದೂ ಆಟದೊಳಗಿನದೇ ಎಂದು ಜನ ತಿಳಿದರು. ಸುಧೀರ್ ಅವರ ಮಾನ ಉಳಿಯಿತು. ಅದನ್ನು ಉಳಿಸಿದವಳು ಅವಳು ಎಂಬುದು ಬಿದ್ದ ಚೆಂಡಿಗಿಂತ ಹೆಚ್ಚು ಸುಟ್ಟಿತು.

ಬೈಕಿನಲ್ಲಿ ಮರಳುವಾಗ ಹೆಮ್ಮಾಡಿ ಬಂತು. ಅಲ್ಲಿ ಸುಧೀರ್ ಬೈಕನ್ನು ನಿಧಾನ ಮಾಡಿ ಕೇಳಿದರು. "ಸಂಚಿಯಿಂದ ತೆಗ್ದದ್ದ್ ಯಾವಾಗ? ನಾ ಬದಿಯಂಗೇ ಇದ್ದೆಯಲೆ."

"ನೀವ್ ನಿಮ್ ಕೈ ಕಾಂತಿದ್ರಿ."

"ಹೇಳ್ ಮಾರಾಯ್ತಿ."

"ಕೇಳಿದ್ರೂ ಹೇಳೂಕಾಗ ಅಂತ ಕಲ್ಸಿದ್ದ್ ನೀವೇ ಅಲ್ದಾ?" ಎಂದರು ಶ್ರೀಲತಾ. ಹೊಸ ಚೆಂಡಿನ ವಿಷಯ ಅವರು ಎತ್ತಲಿಲ್ಲ.

ಮರುದಿನ ಮಾರ್ಕೆಟ್ಟಿನಿಂದ ಬಂದವರು ಹುಣಸೆಹುಳಿಯಲ್ಲಿ ಕೈ ತೊಳೆದು, ಅಂಗಳದಲ್ಲಿ ಕೂತಿದ್ದ ಗಂಡನ ಮುಂದೆ ಬೆರಳಗಲಿಸಿ ಹಿಡಿದರು. ಸುಧೀರ್ ಆವರೆಗೆ ಆ ಕೈಯನ್ನು ಅಳೆದದ್ದಿರಲಿಲ್ಲ, ಅಂದಾಜಿನಲ್ಲೇ ಮಾಡಿಕೊಟ್ಟಿದ್ದರು. ಹೊಸ ಚೆಂಡನ್ನು ಬೆರಳ ನಡುವೆ ಇಟ್ಟು, ತೆಗೆದು, ಬಣ್ಣವನ್ನೆಲ್ಲ ಕೆರೆದು ಉಜ್ಜಿದರು.

"ಸಾಕಾ?"

"ಇನ್ನೊಂಚೂರ್."

ಮತ್ತೆ ಉಜ್ಜಿದರು. ಕತ್ತಿ, ಐಸು, ಮೀನಿನ ಮುಳ್ಳು ಮಾಡಿದ ಗೆರೆಗಳಿದ್ದ ಬೆರಳುಗಳ ನಡುವೆ ಚೆಂಡು ಕೊನೆಗೆ ಒತ್ತದೆ ನಿಂತಿತು. ಬಣ್ಣದ ದಪ್ಪಕ್ಕೆಂದು ಇನ್ನೊಂದು ಪದರ ಉಜ್ಜಿದರು.

ಈಗ ಶಿರೂರಿನಿಂದ ಬ್ರಹ್ಮಾವರದವರೆಗೆ ಚೆಂಡಿನ ವಿದ್ಯೆ ಶ್ರೀಲತಾ ಅವರದು, ಹಗ್ಗ ಮತ್ತು ಪೇಪರು ಸುಧೀರ್ ಅವರದು. ಅವಳು ಮಾಡುವಾಗ ಇವರು ಟ್ರೇ ಹಿಡಿದು ನಿಲ್ಲುತ್ತಾರೆ. ಎರಡೂ ಕೈ ಟ್ರೇಯ ಮೇಲಿರುವುದರಿಂದ ಚಪ್ಪಾಳೆ ತಟ್ಟುವ ಪ್ರಮೇಯವಿಲ್ಲ. ಯಾರಾದರೂ ಅವಳನ್ನು ಹೊಗಳಿದರೆ, "ಚೆಂಡ್ ನಾ ಮಾಡಿದ್ದ್" ಎನ್ನುತ್ತಾರೆ.

ಅವರ ಸ್ವಂತ ಡಬ್ಬಿ ಇನ್ನೂ ಅಕ್ಕಿಯೊಂದಿಗೆ ಅಡುಗೆಕೋಣೆಯಲ್ಲಿದೆ. ಹೆಂಡತಿ ಮಾರ್ಕೆಟ್ಟಿಗೆ ಹೋದ ಮೇಲೆ, ಬಲೆಯನ್ನು ಬದಿಗೆ ಸರಿಸಿ, ಒಂದು ಚೆಂಡು ತೆಗೆದು ತಾಯಿಯ ಎದುರು ಕೂರುತ್ತಾರೆ. ಕೈ ನೋಡದೆ ಮುಖ ನೋಡುವುದನ್ನು ಅಭ್ಯಾಸ ಮಾಡುತ್ತಾರೆ.

"ನನ್ ಮುಖದಂಗೆ ಎಂತ ಇತ್ತ್ ಮಗಾ? ಬಲೆ ಕಾಣ್, ಗಂಟ್ ಹಾಕ್" ಎನ್ನುತ್ತಾರೆ ಬೆಳ್ಳಿ.

"ಸುಮ್ನಿರ್ ಅಮ್ಮಾ. ಈಗ ಹೇಳ್, ಚೆಂಡ್ ಎಲ್ಲಿತ್ತ್?"

ಬೆಳ್ಳಿ ಮಗನ ಕಣ್ಣನ್ನೇ ನೋಡುತ್ತಾರೆ. ಆ ಕಣ್ಣು ಒಂದು ಕ್ಷಣ ಕೆಳಗಿಳಿದು ಮತ್ತೆ ಮೇಲೇರುತ್ತದೆ.

"ಎಡಗೈಯಂಗೆ" ಎನ್ನುತ್ತಾರೆ ಬೆಳ್ಳಿ.